ಬಾವುಟ ಕಟ್ಟುವವರಿಗೆ: ನಮ್ಮ ಕಡೆ ಪದೇ ಪದೇ ಕೇಳುವ ಪ್ರಶ್ನೆಗಳು

ಆಗಸ್ಟ್ ಮೊದಲ ವಾರ ಬಂತೆಂದರೆ ನನ್ನ ಫೋನಿಗೆ ರಾಷ್ಟ್ರಧ್ವಜದ ಬಗ್ಗೆ ಒಂದೇ ತರದ ಪ್ರಶ್ನೆಗಳು ಬರಲು ಶುರುವಾಗುತ್ತವೆ. ರಾತ್ರಿ ಇಳಿಸಬೇಕಾ, ಮಳೆ ಬಂದರೆ ಎಂತ ಮಾಡುವುದು, ಕಾರಿಗೆ ಕಟ್ಟಿದರೆ ಪೊಲೀಸರು ಹಿಡಿಯುತ್ತಾರಾ. ಉಡುಪಿ ಹತ್ತಿರದ ನಮ್ಮ ಊರಿನ ಯುವಕ ಮಂಡಲದಲ್ಲಿ ಸುಮಾರು ವರ್ಷ ಬಾವುಟ ಕಟ್ಟುವ ಕೆಲಸ ನನ್ನದೇ ಆಗಿತ್ತು, ಹಾಗಾಗಿ ಕೇಳುತ್ತಾರೆ. ನಾನು ವಕೀಲ ಅಲ್ಲ. ಆದರೆ ಒಂದು ವರ್ಷ ಊರಿನವರೆಲ್ಲರ ಎದುರು ದೊಡ್ಡ ಎಡವಟ್ಟು ಮಾಡಿಕೊಂಡ ಮೇಲೆ (ಅದರ ಕಥೆ ಕೆಳಗೆ ಉಂಟು) ನಿಯಮಗಳನ್ನು ಕೂತು ಓದಿದೆ. ಒಬ್ಬೊಬ್ಬರಿಗೂ ಬೇರೆ ಬೇರೆ ಟೈಪ್ ಮಾಡಿ ಸಾಕಾಗಿದೆ. ಅದಕ್ಕೇ ಎಲ್ಲವನ್ನೂ ಒಂದೇ ಕಡೆ ಹಾಕಿದ್ದೇನೆ.

ಮನೆ ಮೇಲೆ ಬಾವುಟ ಹಾರಿಸಲು ಪಂಚಾಯತ್‌ನಿಂದ ಅನುಮತಿ ಬೇಕಾ?

ಬೇಡ. ಯಾರ ಅನುಮತಿಯೂ ಬೇಡ. ಆಗಸ್ಟ್ 15ಕ್ಕೆ ಮಾತ್ರ ಅಂತಲೂ ಇಲ್ಲ, ವರ್ಷದ ಯಾವ ದಿನ ಬೇಕಾದರೂ ಹಾರಿಸಬಹುದು.

ಹಳಬರು "ಹಾಗೆಲ್ಲ ಹಾರಿಸುವ ಹಾಗಿಲ್ಲ" ಎನ್ನುವುದರಲ್ಲಿ ಅರ್ಥ ಇಲ್ಲದೆ ಇಲ್ಲ. ಮೊದಲು ಹಾಗೇ ಇತ್ತು. ಸಾಮಾನ್ಯ ಜನರಿಗೆ ಕೆಲವೇ ರಾಷ್ಟ್ರೀಯ ದಿನಗಳಲ್ಲಿ ಅವಕಾಶ, ಉಳಿದ ದಿನ ಸರ್ಕಾರಿ ಕಟ್ಟಡಗಳಿಗೆ ಮಾತ್ರ. ಉದ್ಯಮಿ ನವೀನ್ ಜಿಂದಾಲ್ ತಮ್ಮ ಕಾರ್ಖಾನೆಯಲ್ಲಿ ಬಾವುಟ ಹಾರಿಸಿದಾಗ ಅಧಿಕಾರಿಗಳು ತಡೆದರು, ಅವರು ಕೋರ್ಟಿಗೆ ಹೋದರು. 1995ರಲ್ಲಿ ದೆಹಲಿ ಹೈಕೋರ್ಟ್ ಅವರ ಪರ ಹೇಳಿತು. ಕೇಂದ್ರ ಸರ್ಕಾರ ಭಾರತದ ಧ್ವಜ ಸಂಹಿತೆ 2002 ಅನ್ನು ತಂದು ಆ ವರ್ಷದ ಜನವರಿ 26ರಿಂದ ಎಲ್ಲರಿಗೂ ಬಾಗಿಲು ತೆರೆಯಿತು. ಕೊನೆಗೆ 2004ರ ಜನವರಿ 23ರಂದು ಸುಪ್ರೀಂ ಕೋರ್ಟ್, ಗೌರವದಿಂದ ಬಾವುಟ ಹಾರಿಸುವುದು ಸಂವಿಧಾನದ 19(1)(ಎ) ವಿಧಿಯಡಿ ಪ್ರಜೆಯ ಮೂಲಭೂತ ಹಕ್ಕು ಎಂದು ತೀರ್ಪು ಕೊಟ್ಟಿತು. ಹಕ್ಕು ಅಂದರೂ ಅದಕ್ಕೆ ಕಾನೂನಿನ ಮಿತಿಗಳು ಉಂಟು ಅಂತಲೂ ಹೇಳಿತು.

ಅಪಾರ್ಟ್‌ಮೆಂಟ್ ಅಸೋಸಿಯೇಷನ್‌ನವರು ಬೇಡ ಎನ್ನುತ್ತಾರೆ, ಎಂತ ಮಾಡುವುದು?

ಮಂಗಳೂರಿನ ಫ್ಲಾಟ್‌ಗಳಲ್ಲಿರುವ ಸ್ನೇಹಿತರದ್ದು ಇದು ಪ್ರತಿ ವರ್ಷದ ಗೋಳು. ನಿಮ್ಮ ಬಾಲ್ಕನಿಯಲ್ಲಿ ನೀವು ಸರಿಯಾಗಿ ಬಾವುಟ ಹಾಕಿದರೆ ಧ್ವಜ ಸಂಹಿತೆ ತಡೆಯುವುದಿಲ್ಲ. ಆದರೆ ಎಲ್ಲರಿಗೂ ಸೇರಿದ ತಾರಸಿಯಲ್ಲಿ ಕಂಬ ನೆಡಲು ಹೊರಟರೆ ಅದು ಕಟ್ಟಡದ ವಿಷಯ. ಅಲ್ಲಿ ಉಳಿದವರ ಒಪ್ಪಿಗೆ ಕೇಳುವುದೇ ಸರಿ. ಕಂಬ ಗಾಳಿಗೆ ಬಿದ್ದು ಯಾರದೋ ತಲೆ ಒಡೆದರೆ ದೇಶಭಕ್ತಿ ಅಂತ ಹೇಳಿ ತಪ್ಪಿಸಿಕೊಳ್ಳಲು ಆಗುವುದಿಲ್ಲ, ಅಲ್ವಾ?

ಯಾವ ಯಾವ ಕಾನೂನು ಗೊತ್ತಿರಬೇಕು?

ಮೂರು ಸಾಕು. ಹೇಗೆ ಹಾರಿಸಬೇಕು ಅಂತ ಹೇಳುವುದು ಧ್ವಜ ಸಂಹಿತೆ 2002. ಅವಮಾನ ಮಾಡಿದರೆ ಶಿಕ್ಷೆ ಕೊಡುವುದು ರಾಷ್ಟ್ರ ಗೌರವಕ್ಕೆ ಅವಮಾನ ತಡೆ ಕಾಯ್ದೆ 1971. ವ್ಯಾಪಾರಕ್ಕೆ ಬಳಸಬೇಡಿ ಎನ್ನುವುದು ಲಾಂಛನ ಮತ್ತು ಹೆಸರುಗಳ ದುರ್ಬಳಕೆ ತಡೆ ಕಾಯ್ದೆ 1950. ಇದರ ಮೇಲೆ ಸಂವಿಧಾನದ 51ಎ ವಿಧಿ ಬಾವುಟವನ್ನೂ ರಾಷ್ಟ್ರಗೀತೆಯನ್ನೂ ಗೌರವಿಸುವುದು ಮೂಲಭೂತ ಕರ್ತವ್ಯ ಎನ್ನುತ್ತದೆ. ಜೈಲಿನ ಮಾತು ಬರುವುದು 1971ರ ಕಾಯ್ದೆಯಲ್ಲಿ: ಮೂರು ವರ್ಷದ ತನಕ ಜೈಲು, ಅಥವಾ ದಂಡ, ಅಥವಾ ಎರಡೂ. ಎರಡನೇ ಸಲ ಅದೇ ತಪ್ಪು ಸಾಬೀತಾದರೆ ಕಡಿಮೆ ಎಂದರೂ ಒಂದು ವರ್ಷ.

ಸಂಜೆ ಆರಕ್ಕೆ ಇಳಿಸಲೇಬೇಕಾ?

ಈಗ ಬೇಡ. 2022ರ ಜುಲೈಯಲ್ಲಿ ಧ್ವಜ ಸಂಹಿತೆಗೆ ತಿದ್ದುಪಡಿ ಆಯಿತು. ಬಯಲಲ್ಲಿ ಹಾರಿಸಿದ ಬಾವುಟ ಅಥವಾ ಜನರ ಮನೆ ಮೇಲಿನ ಬಾವುಟ ಹಗಲೂ ರಾತ್ರಿಯೂ ಇರಬಹುದು. ಸೂರ್ಯೋದಯದಿಂದ ಸೂರ್ಯಾಸ್ತ ಎನ್ನುವುದು ಅದಕ್ಕಿಂತ ಮೊದಲಿನ ನಿಯಮ. ಶಾಲೆಯಲ್ಲಿ ನಮಗೆಲ್ಲ ಅದನ್ನೇ ಬಾಯಿಪಾಠ ಮಾಡಿಸಿದ್ದರಿಂದ ತಲೆಯಿಂದ ಹೋಗುವುದಿಲ್ಲ.

ನಮ್ಮ ಮಂಡಲದಲ್ಲಿ ಈಗಲೂ ಸಂಜೆ ಇಳಿಸುತ್ತೇವೆ. ಕಾನೂನಿಗೆ ಹೆದರಿ ಅಲ್ಲ. ಸಂಜೆ ಇಳಿಸುವ ಜವಾಬ್ದಾರಿ ಒಬ್ಬನ ಮೇಲೆ ಇದ್ದರೆ ಬಾವುಟ ಹೇಗಿದೆ ಅಂತ ದಿನಕ್ಕೊಮ್ಮೆಯಾದರೂ ಯಾರೋ ನೋಡುತ್ತಾರೆ. ರಾತ್ರಿಯೂ ಇರಲಿ ಅಂತ ಬಿಟ್ಟರೆ ಸೆಪ್ಟೆಂಬರ್ ತನಕ ಯಾರೂ ತಲೆ ಎತ್ತಿ ನೋಡುವುದಿಲ್ಲ. ಕಂಡಿದ್ದೇನೆ.

ನಮ್ಮಲ್ಲಿ ಆಗಸ್ಟ್ ಅಂದರೆ ಮಳೆ. ಒದ್ದೆ ಆದರೆ ಅವಮಾನ ಆಗುತ್ತದಾ?

ತುಳುನಾಡಿನ ಮಳೆಯ ತಿಂಗಳು ಆಟಿ ಮುಗಿಯುವ ಹೊತ್ತಿಗೆ ಸರಿಯಾಗಿ ಸ್ವಾತಂತ್ರ್ಯ ದಿನ ಬರುತ್ತದೆ. ಉಡುಪಿಯ ಅಜ್ಜರಕಾಡು ಮೈದಾನದಲ್ಲಾಗಲಿ ಮಂಗಳೂರಿನ ನೆಹರೂ ಮೈದಾನದಲ್ಲಾಗಲಿ ಮಕ್ಕಳು ನೆನೆದುಕೊಂಡೇ ಪಥಸಂಚಲನ ಮಾಡುವುದು ನಮಗೆ ಹೊಸತಲ್ಲ. ಬಾವುಟ ಮಳೆಯಲ್ಲಿ ನೆನೆದರೆ ತಪ್ಪಿಲ್ಲ. ಹವಾಮಾನ ಹೇಗೇ ಇರಲಿ ಹಾರಿಸಬಹುದು ಅಂತ ಸಂಹಿತೆಯೇ ಒಪ್ಪಿಕೊಂಡಿದೆ. ತಪ್ಪಾಗುವುದು ಹರಿದ, ಕೊಳೆಯಾದ, ಮುದುಡಿಹೋದ ಬಾವುಟವನ್ನು ಹಾಗೇ ಹಾರಿಸುತ್ತಾ ಇದ್ದರೆ. ನಮ್ಮ ಕಡೆ ಅದಕ್ಕೆ ಜಾಸ್ತಿ ದಿನ ಬೇಕಾಗಿಲ್ಲ.

ಕಡಲ ಹತ್ತಿರದ ಮನೆಗಳಲ್ಲಿ ಉಪ್ಪು ಗಾಳಿ. ಮಲ್ಪೆ, ಕಾಪು, ಪಣಂಬೂರು ಕಡೆಯವರಿಗೆ ಇದು ಹೇಳಬೇಕಾಗಿಲ್ಲ, ಗೇಟಿನ ಕೊಂಡಿ ಎರಡು ಮಳೆಗಾಲಕ್ಕೆ ತುಕ್ಕು ಹಿಡಿದು ಪುಡಿಯಾಗುತ್ತದೆ. ಬಾವುಟ ಮೊದಲು ಬಿಡುವುದು ಕಂಬದಿಂದ ದೂರದ ತುದಿಯಲ್ಲಿ, ಗಾಳಿಗೆ ಪಟಪಟ ಹೊಡೆದುಕೊಳ್ಳುವ ಅಂಚಿನಲ್ಲಿ. ಅಲ್ಲಿ ನೂಲು ಬಿಟ್ಟಿತು ಅಂದರೆ ಕೆಳಗಿಳಿಸಿ. ಒದ್ದೆ ಬಾವುಟವನ್ನು ಮಡಚಿ ಕಪಾಟಿಗೆ ತುರುಕಬೇಡಿ, ಮರುವರ್ಷ ತೆಗೆದಾಗ ಬಿಳಿ ಪಟ್ಟಿಯ ತುಂಬಾ ಕಪ್ಪು ಬೂಸ್ಟು ಹಿಡಿದಿರುತ್ತದೆ. ಮನೆ ಒಳಗೆ ಹರಡಿ ಒಣಗಿಸಿ. ಅಂಗಳದ ಹಗ್ಗದಲ್ಲಿ ಲುಂಗಿ, ಟವಲ್ ಜೊತೆ ನೇತು ಹಾಕುವುದು ಮಾತ್ರ ಬೇಡ, ನೋಡಲಿಕ್ಕೂ ಚೆಂದ ಇಲ್ಲ.

ಖಾದಿಯೇ ಆಗಬೇಕಾ? ಪಾಲಿಯೆಸ್ಟರ್ ನಡೆಯುತ್ತದಾ?

ನಡೆಯುತ್ತದೆ. 2021ರ ಡಿಸೆಂಬರ್ 30ರ ತಿದ್ದುಪಡಿಯಿಂದ ಕೈಯಲ್ಲಿ ನೂತು ನೇಯ್ದದ್ದು ಮಾತ್ರವಲ್ಲ, ಯಂತ್ರದಲ್ಲಿ ಮಾಡಿದ್ದೂ ಆಗುತ್ತದೆ. ಹತ್ತಿ, ಪಾಲಿಯೆಸ್ಟರ್, ಉಣ್ಣೆ, ರೇಷ್ಮೆ, ಖಾದಿ ಯಾವುದಾದರೂ ಸರಿ. 2022ರ ಹರ್ ಘರ್ ತಿರಂಗಾ (ಮನೆ ಮನೆಯಲ್ಲೂ ಬಾವುಟ) ಅಭಿಯಾನದ ಹೊತ್ತಿಗೆ ಅಂಚೆ ಕಚೇರಿಯಲ್ಲಿ 25 ರೂಪಾಯಿಗೆ ಬಾವುಟ ಸಿಕ್ಕಿದ್ದು ನೆನಪಿರಬಹುದು.

ನನ್ನ ಅಭಿಪ್ರಾಯ ಕೇಳಿದರೆ, ಪಾಲಿಯೆಸ್ಟರ್ ಮಳೆಗೆ ಬೇಗ ಒಣಗುತ್ತದೆ, ಹಗುರ, ಸಣ್ಣ ಗಾಳಿಗೂ ಹಾರುತ್ತದೆ. ಖಾದಿ ನೀರು ಕುಡಿದು ಭಾರವಾಗಿ ಕಂಬಕ್ಕೆ ಅಂಟಿಕೊಳ್ಳುತ್ತದೆ. ಆದರೂ ಜನವರಿ 26ರ ಒಣ ಬಿಸಿಲಿನಲ್ಲಿ ಖಾದಿ ಬಾವುಟ ನಿಧಾನಕ್ಕೆ ಬಿಚ್ಚಿಕೊಂಡು ಹಾರುವ ಗತ್ತು ಪಾಲಿಯೆಸ್ಟರ್‌ಗೆ ಬರುವುದಿಲ್ಲ. ನಾವು ಎರಡೂ ಇಟ್ಟುಕೊಂಡಿದ್ದೇವೆ.

ಖಾದಿ ಬಾವುಟ ಅಂದರೆ ನಮ್ಮ ರಾಜ್ಯಕ್ಕೆ ಹೆಮ್ಮೆಯ ವಿಷಯವೇ. ಹುಬ್ಬಳ್ಳಿಯ ಬೆಂಗೇರಿಯಲ್ಲಿರುವ ಕರ್ನಾಟಕ ಖಾದಿ ಗ್ರಾಮೋದ್ಯೋಗ ಸಂಯುಕ್ತ ಸಂಘ ಭಾರತೀಯ ಮಾನಕ ಬ್ಯೂರೋದ ಪ್ರಮಾಣಪತ್ರ ಪಡೆದು ಬಾವುಟ ಮಾಡುತ್ತದೆ. ದೇಶದ ದೊಡ್ಡ ದೊಡ್ಡ ಸರ್ಕಾರಿ ಕಟ್ಟಡಗಳಿಗೆ ಅಲ್ಲಿಂದಲೇ ಹೋಗುತ್ತದೆ. ಧಾರವಾಡ ಜಿಲ್ಲೆಯ ಗರಗ ಕೂಡ ಬಾವುಟದ ಬಟ್ಟೆಗೆ ಹೆಸರಾದ ಊರು. ಇನ್ನೊಂದು ಸಣ್ಣ ಸ್ವಾರಸ್ಯ: ದೇಶದ ಮಾನಕಗಳ ಪಟ್ಟಿಯಲ್ಲಿ ಒಂದನೇ ನಂಬರಿನದು ಬಾವುಟದ್ದೇ. ಐಎಸ್ 1. ಸಿಮೆಂಟು, ಕಬ್ಬಿಣ ಎಲ್ಲ ಅದರ ಹಿಂದೆ.

ಯಾವ ಅಳತೆಯದ್ದು ತೆಗೆದುಕೊಳ್ಳಲಿ?

ಉದ್ದ ಮೂರು ಪಾಲು, ಎತ್ತರ ಎರಡು ಪಾಲು. ಈ 3:2 ತಪ್ಪಬಾರದು. ಸಂಹಿತೆಯಲ್ಲಿ ಒಂಬತ್ತು ಅಳತೆಗಳಿವೆ, 6300 x 4200 ಮಿಲಿಮೀಟರ್‌ನಿಂದ ಹಿಡಿದು ಮೇಜಿನ ಮೇಲಿಡುವ 150 x 100ರ ತನಕ. ಮನೆಗೆ 900 x 600, ಅಂದರೆ ಸುಮಾರು ಮೂರಡಿ ಎರಡಡಿ, ಸಾಕಾಗುತ್ತದೆ. ಯುವಕ ಮಂಡಲ, ಶಾಲೆಯ ಕಂಬಕ್ಕೆ 1350 x 900 ಅಥವಾ 1800 x 1200 ಚೆಂದ ಕಾಣುತ್ತದೆ. ಅಂಗಡಿಯಲ್ಲಿ ಬಿಚ್ಚಿ ನೋಡಿಯೇ ದುಡ್ಡು ಕೊಡಿ. ಚಕ್ರ ಬಿಳಿ ಪಟ್ಟಿಯ ನಡುವೆ ಉಂಟಾ, ದುಂಡಗೆ ಉಂಟಾ, ಎರಡೂ ಬದಿಯಲ್ಲಿ ಕಾಣುತ್ತದಾ, 24 ಅರೆಗಳಿವೆಯಾ ಅಂತ. ಒಮ್ಮೆ ನಾವು ತಂದ ಹತ್ತು ಬಾವುಟದಲ್ಲಿ ನಾಲ್ಕರ ಚಕ್ರ ಕೋಳಿಮೊಟ್ಟೆಯ ಹಾಗಿತ್ತು.

ತಪ್ಪಿ ತಲೆಕೆಳಗಾಗಿ ಹಾರಿದರೆ ಜೈಲಾ?

ಈಗ ಆ ಕಥೆ. ಹಿಂದಿನ ರಾತ್ರಿ ಪೆಟ್ರೋಮ್ಯಾಕ್ಸ್ ಬೆಳಕಿನಲ್ಲಿ (ಕರೆಂಟ್ ಹೋಗಿತ್ತು, ಮಳೆಗಾಲ ಅಲ್ವಾ) ಹೂ ಹಾಕಿ ಮಡಚಿ ಕಟ್ಟಿದ್ದೆ. ಬೆಳಿಗ್ಗೆ ಮುಖ್ಯ ಅತಿಥಿ, ನಿವೃತ್ತ ಮೇಷ್ಟ್ರು, ಹಗ್ಗ ಎಳೆದರು. ಹೂ ಚೆಂದ ಉದುರಿತು, ಚಪ್ಪಾಳೆಯೂ ಬಿತ್ತು. ಆಮೇಲೆ ಹಿಂದಿನಿಂದ ಒಬ್ಬರು ಮೀನು ಮಾರುವ ಅಕ್ಕ ಗಟ್ಟಿಯಾಗಿ, "ಎಂತ ಮಾರಾಯ್ರೆ, ಹಸಿರು ಮೇಲೆ ಉಂಟಲ್ಲ!" ಎಂದರು. ರಾಷ್ಟ್ರಗೀತೆ ಶುರು ಮಾಡಲು ಬಾಯಿ ತೆರೆದ ಮಕ್ಕಳು ಹಾಗೇ ನಿಂತರು. ನನಗೆ ಭೂಮಿ ಬಾಯಿ ಬಿಟ್ಟರೆ ಸಾಕು ಅನ್ನಿಸಿತು. ಮೇಷ್ಟ್ರೇ ಮೆಲ್ಲಗೆ, "ಇಳಿಸಿ ಸರಿ ಮಾಡು, ಹೆದರಬೇಡ" ಎಂದರು.

ಅವರು ಹೇಳಿದ್ದೇ ಕಾನೂನೂ ಹೇಳುತ್ತದೆ. 1971ರ ಕಾಯ್ದೆಯಲ್ಲಿ ಕೇಸರಿ ಕೆಳಗೆ ಮಾಡಿ ಹಾರಿಸುವುದು ಅವಮಾನದ ಪಟ್ಟಿಯಲ್ಲಿ ಉಂಟು, ಆದರೆ "ಉದ್ದೇಶಪೂರ್ವಕವಾಗಿ" ಎನ್ನುವ ಮಾತಿನ ಜೊತೆ. ನೆಲಕ್ಕೆ ತಾಗಿಸುವುದು, ನೀರಿನಲ್ಲಿ ಎಳೆಯುವುದು ಕೂಡ ಹಾಗೇ, ಬೇಕೆಂದೇ ಮಾಡಿದರೆ ಅಪರಾಧ. ಕೈ ತಪ್ಪಿದ್ದನ್ನು ಕೂಡಲೇ ಸರಿ ಮಾಡಿದವನನ್ನು ಜೈಲಿಗೆ ಹಾಕಲು ಬರೆದ ಕಾಯ್ದೆ ಅಲ್ಲ ಅದು. ಈ ಒಂದು ಪದ ಗೊತ್ತಿಲ್ಲದೆ ಎಷ್ಟೋ ಮಂದಿ ಹೆದರಿ ಬಾವುಟದ ಸಹವಾಸವೇ ಬೇಡ ಎನ್ನುತ್ತಾರೆ. ಹಾಗೆ ದೂರ ಇರುವುದಕ್ಕಿಂತ ಕಟ್ಟಿ, ತಪ್ಪಿದರೆ ತಿದ್ದಿ.

ಹೂ ಹಾಕಿ ಕಟ್ಟುವುದು ಹೇಗೆ? ಹೂ ಹಾಕಬಹುದಾ?

ಬಾವುಟದಲ್ಲಿ ಏನನ್ನೂ ಕಟ್ಟಿ ಒಯ್ಯಬಾರದು, ಏನನ್ನೂ ತುಂಬಿಸಬಾರದು. ಗಣರಾಜ್ಯ ದಿನ, ಸ್ವಾತಂತ್ರ್ಯ ದಿನದಂತಹ ವಿಶೇಷ ದಿನಗಳ ಆಚರಣೆಯಲ್ಲಿ ಅರಳಿಸುವ ಮೊದಲು ಹೂವಿನ ಎಸಳು ಹಾಕಲು ಮಾತ್ರ ವಿನಾಯಿತಿ.

ಅನುಭವದಿಂದ ಕೆಲವು ಮಾತು. ಖಾದಿ ಬಾವುಟದಲ್ಲಿ ಕಂಬದ ಬದಿಯ ಹೊಲಿಗೆಯಲ್ಲಿ ಹಗ್ಗ ಇರುತ್ತದೆ, ಮೇಲಿನ ತುದಿಯಲ್ಲಿ ಸಣ್ಣ ಮರದ ತುಂಡು, ಕೆಳಗಿನ ತುದಿಯಲ್ಲಿ ಕುಣಿಕೆ. ಮರದ ತುಂಡು ಕೇಸರಿ ಬದಿ. ಮಡಚುವ ಮೊದಲೇ ಇದನ್ನು ಕಂಬದ ಹಗ್ಗಕ್ಕೆ ಸೇರಿಸಿ, ಒಮ್ಮೆ ಪೂರ್ತಿ ಮೇಲೇರಿಸಿ ಹಾರಿಸಿ ನೋಡಿ, ಆಮೇಲೆ ಇಳಿಸಿ ಮಡಚಿ. ನಾನು ಆ ರಾತ್ರಿ ಮಾಡದೆ ಬಿಟ್ಟದ್ದು ಇದನ್ನೇ. ಕಟ್ಟುವ ಗಂಟು ಜಾರುಗಂಟಾಗಿರಲಿ, ಒಂದೇ ಎಳೆತಕ್ಕೆ ಬಿಚ್ಚಬೇಕು. ಹತ್ತಿ ಹಗ್ಗ ಮಳೆಗೆ ಊದಿಕೊಂಡು ಗಂಟು ಕಲ್ಲಾಗುತ್ತದೆ, ಹಾಗಾಗಿ ಆಗಸ್ಟ್‌ನಲ್ಲಿ ಗಂಟನ್ನು ಬೆಳಿಗ್ಗೆಯೇ ಹಾಕಿ. ರಾಟೆಗೆ ಎಣ್ಣೆ ಬಿಡಿ. ಎಸಳು ಒಣಗಿದ್ದಾಗಿರಬೇಕು, ಒಂದು ಮುಷ್ಟಿ ಸಾಕು. ಒದ್ದೆ ಗುಲಾಬಿ ಎಸಳು ಬಿಳಿ ಪಟ್ಟಿಯಲ್ಲಿ ಕೆಂಪು ಕಲೆ ಬಿಡುತ್ತದೆ, ಅದು ಏನು ಮಾಡಿದರೂ ಹೋಗುವುದಿಲ್ಲ. ಸೇವಂತಿಗೆ ಒಳ್ಳೆಯದು.

ಆಗಸ್ಟ್ 15ಕ್ಕೂ ಜನವರಿ 26ಕ್ಕೂ ವ್ಯತ್ಯಾಸ ಉಂಟಂತೆ?

ದೆಹಲಿಯಲ್ಲಿ ಉಂಟು. ಆಗಸ್ಟ್ 15ಕ್ಕೆ ಕೆಂಪುಕೋಟೆಯಲ್ಲಿ ಪ್ರಧಾನಿ ಬಾವುಟವನ್ನು ಕೆಳಗಿನಿಂದ ಮೇಲಕ್ಕೆ ಏರಿಸಿ ಹಾರಿಸುತ್ತಾರೆ. ಜನವರಿ 26ಕ್ಕೆ ಕರ್ತವ್ಯಪಥದಲ್ಲಿ ರಾಷ್ಟ್ರಪತಿ ಆಗಲೇ ಮೇಲೆ ಕಟ್ಟಿಟ್ಟದ್ದನ್ನು ಅರಳಿಸುತ್ತಾರೆ. ಊರಿನ ಕಾರ್ಯಕ್ರಮದಲ್ಲಿ ನೀವು ಯಾವ ರೀತಿ ಮಾಡಿದರೂ ಯಾರೂ ಕೇಸು ಹಾಕುವುದಿಲ್ಲ. ಏರಿಸುವಾಗ ಚುರುಕಾಗಿ, ಇಳಿಸುವಾಗ ನಿಧಾನಕ್ಕೆ. ಇದು ಮಾತ್ರ ಎರಡೂ ದಿನಕ್ಕೆ ಒಂದೇ.

ಕನ್ನಡ ಬಾವುಟ, ಮಂಡಲದ ಬಾವುಟ, ದೇವಸ್ಥಾನದ ಬಾವುಟ ಜೊತೆಗೆ ಇದ್ದರೆ?

ರಾಜ್ಯೋತ್ಸವದ ಹೊತ್ತಿಗೆ ಇದೇ ದೊಡ್ಡ ಚರ್ಚೆ. ಒಂದೇ ಕಂಬದಲ್ಲಿ ರಾಷ್ಟ್ರಧ್ವಜದ ಜೊತೆ ಬೇರೆ ಯಾವುದೂ ಹಾರಬಾರದು, ಮೇಲೂ ಅಲ್ಲ ಕೆಳಗೂ ಅಲ್ಲ. ಹಳದಿ ಕೆಂಪು ಬಾವುಟಕ್ಕೆ ಬೇರೆ ಕಂಬ, ಎತ್ತರ ಕಡಿಮೆ. ಮೆರವಣಿಗೆಯಲ್ಲಿ ಎರಡೂ ಹಿಡಿದುಕೊಂಡು ಹೋಗುವುದಾದರೆ ತ್ರಿವರ್ಣ ನಡೆಯುವವರ ಬಲಗಡೆ. ಬಾವುಟಗಳ ಸಾಲೇ ಇದ್ದರೆ ಸಾಲಿನ ನಡುವೆ, ಒಂದು ಹೆಜ್ಜೆ ಮುಂದೆ.

ಕಂಬದ ತುದಿಗೆ ಹೂಮಾಲೆ ಹಾಕುವ ಚಾಳಿ ನಮ್ಮಲ್ಲಿ ಜಾಸ್ತಿ. ಪೂಜೆ ಮಾಡಿದ ಮೇಲೆ ಕಂಬಕ್ಕೊಂದು ಮಾಲೆ ಇರಲಿ ಅಂತ. ಅದು ನಿಯಮಕ್ಕೆ ವಿರುದ್ಧ, ಕಂಬದ ತುದಿಯಲ್ಲಿ ಹೂ ಸಹಿತ ಏನೂ ಇರಬಾರದು. ಕಟ್ಟೆಯ ಬುಡದಲ್ಲಿ ರಂಗೋಲಿ ಹಾಕಿ, ಹೂ ಇಡಿ. ಇನ್ನು ಕೃಷ್ಣಾಷ್ಟಮಿಯ ಮೊಸರು ಕುಡಿಕೆ ದಿನ ಮಡಕೆ ಕಟ್ಟುವ ಹಗ್ಗಕ್ಕೆ ಕಾಗದದ ತ್ರಿವರ್ಣ ಬಾವುಟಗಳನ್ನು ಸಾಲಾಗಿ ಅಂಟಿಸುತ್ತಾರಲ್ಲ, ಅದೂ ಬೇಡ. ತೋರಣ, ಪತಾಕೆ ಮಾಲೆಯಾಗಿ ಬಾವುಟವನ್ನು ಬಳಸುವ ಹಾಗಿಲ್ಲ. ಚಕ್ರ ಇಲ್ಲದ, ಬಾವುಟದ ಆಕಾರ ಇಲ್ಲದ ಬಣ್ಣದ ಕಾಗದ ಹಾಕಿ, ತಂಟೆ ಇಲ್ಲ.

ಕಾರಿಗೆ, ಬೈಕಿಗೆ ಕಟ್ಟಬಹುದಾ?

ಕಾರಿನ ಮುಂದೆ ಬಾವುಟ ಹಾರಿಸುವ ಹಕ್ಕು ಕೆಲವರಿಗೆ ಮಾತ್ರ: ರಾಷ್ಟ್ರಪತಿ, ಉಪರಾಷ್ಟ್ರಪತಿ, ರಾಜ್ಯಪಾಲರು, ಪ್ರಧಾನಿ, ಮುಖ್ಯಮಂತ್ರಿ, ಸಚಿವರು, ಸಭಾಧ್ಯಕ್ಷರು, ಸುಪ್ರೀಂ ಕೋರ್ಟ್ ಮತ್ತು ಹೈಕೋರ್ಟ್ ನ್ಯಾಯಮೂರ್ತಿಗಳು, ವಿದೇಶದಲ್ಲಿರುವ ನಮ್ಮ ರಾಯಭಾರಿಗಳು, ಹೀಗೆ. ಶಾಸಕರು, ಸಂಸದರು ಆ ಪಟ್ಟಿಯಲ್ಲಿ ಇಲ್ಲ. ನಾನೂ ನೀವೂ ಅಂತೂ ಇಲ್ಲವೇ ಇಲ್ಲ. ಬಾನೆಟ್, ಹಿಂಬದಿ, ಮೇಲ್ಛಾವಣಿಗೆ ಬಾವುಟ ಹೊದಿಸುವುದೂ ತಪ್ಪು.

ಆಗಸ್ಟ್ 15ರ ಬೈಕ್ ರ‍್ಯಾಲಿಯಲ್ಲಿ ನೂರಾರು ಬಾವುಟ ಹೋಗುತ್ತದಲ್ಲ ಅಂತ ಕೇಳುತ್ತೀರಿ. ಹೋಗುತ್ತದೆ, ನಾನೂ ನೋಡುತ್ತೇನೆ. ಯಾರೂ ಹಿಡಿಯುವುದಿಲ್ಲ ಅಂದ ಮಾತ್ರಕ್ಕೆ ನಿಯಮ ಬದಲಾಗಲಿಲ್ಲ. ರ‍್ಯಾಲಿ ಮುಗಿದ ಸಂಜೆ ಹೆದ್ದಾರಿ ಬದಿಯ ಕೆಸರಲ್ಲಿ ಬಿದ್ದಿರುವ ಬಾವುಟಗಳನ್ನು ಹೆಕ್ಕಿದವರಿಗೆ ಅದರ ಸಂಕಟ ಗೊತ್ತು.

ಮಲ್ಪೆ, ಮಂಗಳೂರು ಬಂದರಿನ ಬೋಟುಗಳಲ್ಲಿ?

ಜೂನ್, ಜುಲೈ ಎರಡು ತಿಂಗಳ ಮೀನುಗಾರಿಕೆ ನಿಷೇಧ ಮುಗಿದು ಬೋಟುಗಳು ಕಡಲಿಗೆ ಇಳಿಯುವುದೂ ಆಗಸ್ಟ್‌ನಲ್ಲೇ. ಹೊಸ ಬಣ್ಣ, ಹೊಸ ಬಾವುಟ. ಬೋಟಿನ ಬದಿಗೆ, ಮೇಲ್ಭಾಗಕ್ಕೆ ಬಾವುಟ ಹೊದಿಸಬಾರದು, ನೀರಿಗೆ ಎಳೆದಾಡಬಾರದು. ಕಂಬದಲ್ಲಿ ಹಾರಿಸಿದ್ದು ಕಡಲ ಗಾಳಿಗೆ ವಾರದಲ್ಲೇ ಚಿಂದಿಯಾಗುತ್ತದೆ. ಬೋಟಿನವರೊಬ್ಬರು ನನಗೆ ಹೇಳಿದ ಉಪಾಯ ಚೆನ್ನಾಗಿತ್ತು: ದಕ್ಕೆಯಲ್ಲಿ (ಬೋಟು ಕಟ್ಟುವ ಜಾಗದಲ್ಲಿ) ಇರುವಾಗ ಮಾತ್ರ ಹಾರಿಸಿ, ಕಡಲಿಗೆ ಹೊರಡುವಾಗ ಇಳಿಸಿ ಕ್ಯಾಬಿನ್ ಒಳಗೆ ಇಡುವುದು.

ಮಕ್ಕಳಿಗೆ ಪ್ಲಾಸ್ಟಿಕ್ ಬಾವುಟ ಕೊಡಿಸಬಹುದಾ?

ಬೇಡ. 2022ರ ಜುಲೈ 1ರಿಂದ ದೇಶದಲ್ಲಿ ನಿಷೇಧವಾದ ಏಕಬಳಕೆ ಪ್ಲಾಸ್ಟಿಕ್ ಪಟ್ಟಿಯಲ್ಲೇ ಪ್ಲಾಸ್ಟಿಕ್ ಬಾವುಟಗಳೂ ಉಂಟು. ಕಾಗದದ್ದು ಕೊಡಿಸಿ. ರಾಷ್ಟ್ರೀಯ ಹಬ್ಬ, ಕ್ರೀಡೆ, ಸಾಂಸ್ಕೃತಿಕ ಕಾರ್ಯಕ್ರಮಗಳಲ್ಲಿ ಕಾಗದದ ಬಾವುಟ ಬೀಸಬಹುದು. ಕಾರ್ಯಕ್ರಮ ಮುಗಿದ ಮೇಲೆ ನೆಲಕ್ಕೆ ಎಸೆಯುವ ಹಾಗಿಲ್ಲ. ನಮ್ಮ ಶಾಲೆಯಲ್ಲಿ ಒಬ್ಬರು ಟೀಚರ್ ಲಡ್ಡು ಕೊಡುವ ಜಾಗದಲ್ಲಿ ಒಂದು ಬುಟ್ಟಿ ಇಟ್ಟಿದ್ದರು. ಬಾವುಟ ಬುಟ್ಟಿಗೆ, ಲಡ್ಡು ಕೈಗೆ. ಒಂದೂ ಅಂಗಳದಲ್ಲಿ ಬೀಳಲಿಲ್ಲ!

ಟೀ ಶರ್ಟ್, ಶಾಲು, ಮಾಸ್ಕ್, ಕೇಕ್?

ಸೊಂಟದಿಂದ ಕೆಳಗಿನ ಬಟ್ಟೆಯಲ್ಲಿ ಬಾವುಟ ಇರಬಾರದು. ಕರವಸ್ತ್ರ, ದಿಂಬು, ನ್ಯಾಪ್ಕಿನ್, ಒಳಉಡುಪುಗಳಲ್ಲಿ ಮುದ್ರಿಸುವುದಾಗಲಿ ಕಸೂತಿ ಹಾಕುವುದಾಗಲಿ ಅಪರಾಧ. ಬಾವುಟದ ಮೇಲೆ ಅಕ್ಷರ ಬರೆಯಬಾರದು. ಕ್ರಿಕೆಟ್ ನೋಡಲು ಹೋಗಿ ಬಾವುಟದ ಮೇಲೆ ಊರಿನ ಹೆಸರು ಬರೆದು ಟೀವಿಯಲ್ಲಿ ತೋರಿಸುವವರು ಇದನ್ನು ಎರಡು ಸಲ ಓದಿ.

ಕೇಕಿನ ವಿಷಯದಲ್ಲಿ ಒಂದು ತೀರ್ಪೇ ಉಂಟು. ಕೊಯಮತ್ತೂರಿನಲ್ಲಿ 2013ರ ಕ್ರಿಸ್‌ಮಸ್ ಕಾರ್ಯಕ್ರಮದಲ್ಲಿ ತ್ರಿವರ್ಣ, ಅಶೋಕ ಚಕ್ರ ಇದ್ದ ಕೇಕ್ ಕತ್ತರಿಸಿದ್ದರ ಮೇಲೆ ಕೇಸು ಬಿತ್ತು. 2021ರಲ್ಲಿ ಮದ್ರಾಸ್ ಹೈಕೋರ್ಟ್ ಇದು ಅವಮಾನ ಅಲ್ಲ ಅಂತ ಹೇಳಿ ಕೇಸನ್ನು ರದ್ದು ಮಾಡಿತು. ಅಲ್ಲೂ ನೋಡಿದ್ದು ಉದ್ದೇಶವನ್ನೇ. ಹಾಗಂತ ಏಳು ವರ್ಷ ಕೋರ್ಟು ಸುತ್ತುವ ಶಕ್ತಿ ಇಲ್ಲದವರು ಸುಮ್ನೆ ಅನಾನಸ್ ಕೇಕ್ ತಿನ್ನುವುದು ಕ್ಷೇಮ.

ಅಂಗಡಿಯ ಜಾಹೀರಾತಿನಲ್ಲಿ ಬಾವುಟ ಹಾಕಬಹುದಾ?

ಇಲ್ಲ. ವ್ಯಾಪಾರಕ್ಕೆ ಬಳಸಲು 1950ರ ಕಾಯ್ದೆ ಬಿಡುವುದಿಲ್ಲ. ಬಾವುಟದ ಚಿತ್ರದ ಮೇಲೆ "ಶೇ. 50 ರಿಯಾಯಿತಿ" ಅಂತ ಅಚ್ಚು ಹಾಕಿದರೆ ಎರಡು ತಪ್ಪು ಒಟ್ಟಿಗೆ. ಶುಭಾಶಯ ಕೋರುವುದಿದ್ದರೆ ಬಾವುಟದ ಚಿತ್ರ ಇಲ್ಲದೆ ಕೋರಿ.

ಗೋಡೆಯಲ್ಲಿ ಉದ್ದಕ್ಕೆ ನೇತು ಹಾಕಿದರೆ ಕೇಸರಿ ಯಾವ ಬದಿ?

ನೋಡುವವರ ಎಡಗಡೆ. ಅಡ್ಡಲಾಗಿ ಹಾಕಿದರೆ ಕೇಸರಿ ಮೇಲೆ. ವೇದಿಕೆಯಲ್ಲಿ ಕೋಲಿಗೆ ಕಟ್ಟಿ ನಿಲ್ಲಿಸುವುದಾದರೆ ಸಭೆಗೆ ಮುಖ ಮಾಡಿದ ಭಾಷಣಕಾರರ ಬಲಗಡೆ. ಮೇಜಿಗೆ ಹೊದಿಕೆಯಾಗಿ, ಮೂರ್ತಿ ಅನಾವರಣದ ಪರದೆಯಾಗಿ ಬಳಸಬಾರದು.

ಊರಿನ ಹಿರಿಯರು ತೀರಿಕೊಂಡರೆ ಬಾವುಟ ಅರ್ಧಕ್ಕೆ ಇಳಿಸಬಹುದಾ? ಹೊದಿಸಬಹುದಾ?

ಹೊದಿಸುವುದು ಸರ್ಕಾರಿ ಗೌರವದ ಅಂತ್ಯಕ್ರಿಯೆ, ಸೇನೆ ಮತ್ತು ಅರೆಸೇನಾ ಪಡೆಗಳವರ ಅಂತ್ಯಕ್ರಿಯೆಗೆ ಮಾತ್ರ. ಆಗಲೂ ಕೇಸರಿ ತಲೆಯ ಬದಿ ಇರಬೇಕು, ಬಾವುಟವನ್ನು ಚಿತೆಯಲ್ಲಿ ಸುಡುವುದಿಲ್ಲ, ಗುಂಡಿಗೆ ಇಳಿಸುವುದಿಲ್ಲ. ಅರ್ಧಕ್ಕೆ ಇಳಿಸುವುದೂ ಸರ್ಕಾರದ ಸೂಚನೆಯಂತೆ ನಡೆಯುವ ಕೆಲಸ. ಅದಕ್ಕೂ ಕ್ರಮ ಉಂಟು: ಮೊದಲು ತುದಿಯ ತನಕ ಏರಿಸಿ, ಆಮೇಲೆ ಅರ್ಧಕ್ಕೆ ತರಬೇಕು. ಸಂಜೆ ಇಳಿಸುವಾಗಲೂ ಒಮ್ಮೆ ತುದಿಗೆ ಏರಿಸಿಯೇ ಇಳಿಸಬೇಕು. ಊರಿನ ಹಿರಿಯರಿಗೆ ಮಂಡಲದ ಸ್ವಂತ ಬಾವುಟವನ್ನು ಅರ್ಧಕ್ಕೆ ಇಳಿಸಿ, ಅದು ಮಂಡಲಕ್ಕೆ ಬಿಟ್ಟದ್ದು.

ರಾಷ್ಟ್ರಗೀತೆ ಹಾಡಲೇಬೇಕಾ?

ನೆಟ್ಟಗೆ ನಿಲ್ಲಬೇಕು. ಪೂರ್ತಿ ಹಾಡಿದರೆ ಸುಮಾರು 52 ಸೆಕೆಂಡ್, ಅಷ್ಟು ಹೊತ್ತು ಫೋನು ಕಿಸೆಯಲ್ಲಿರಲಿ. ಪಕ್ಕದ ಕೇರಳದಲ್ಲಿ ಧಾರ್ಮಿಕ ಕಾರಣಕ್ಕೆ ಹಾಡದೆ, ಆದರೆ ಗೌರವದಿಂದ ಎದ್ದು ನಿಂತ ಮೂವರು ಮಕ್ಕಳನ್ನು ಶಾಲೆಯಿಂದ ಹೊರಗೆ ಹಾಕಿದ್ದು ತಪ್ಪು ಅಂತ ಸುಪ್ರೀಂ ಕೋರ್ಟ್ 1986ರಲ್ಲೇ ಹೇಳಿದೆ.

ಮಂಗಳೂರಿನ ಬಾವುಟಗುಡ್ಡಕ್ಕೆ ಆ ಹೆಸರು ಈ ಬಾವುಟದಿಂದ ಬಂತಾ?

ಇದು ನಿಯಮದ ಪ್ರಶ್ನೆ ಅಲ್ಲ, ಆದರೆ ಮಕ್ಕಳು ಕೇಳುತ್ತಾರೆ. ತ್ರಿವರ್ಣ ಧ್ವಜವನ್ನು ಸಂವಿಧಾನ ರಚನಾ ಸಭೆ ಒಪ್ಪಿಕೊಂಡದ್ದು 1947ರ ಜುಲೈ 22ರಂದು. ಬಾವುಟಗುಡ್ಡದ ಕಥೆ ಅದಕ್ಕಿಂತ ನೂರಹತ್ತು ವರ್ಷ ಹಿಂದಿನದು. 1837ರ ಅಮರ ಸುಳ್ಯ ದಂಗೆಯಲ್ಲಿ ಕೆದಂಬಾಡಿ ರಾಮಯ್ಯ ಗೌಡರ ಮುಂದಾಳತ್ವದ ರೈತರ ಪಡೆ ಈಸ್ಟ್ ಇಂಡಿಯಾ ಕಂಪನಿಯವರನ್ನು ಓಡಿಸಿ ಮಂಗಳೂರು ಹಿಡಿಯಿತು, ಏಪ್ರಿಲ್ 5ರಂದು ಗುಡ್ಡದ ಮೇಲೆ ತಮ್ಮ ಬಾವುಟ ಏರಿಸಿತು, 13 ದಿನ ಆಳಿತು ಎನ್ನುತ್ತಾರೆ. ಹೆಸರು ಅಲ್ಲಿಂದ ಬಂತು ಎನ್ನುವುದು ಊರಿನ ಮಾತು. ಈಗ ಅಲ್ಲಿ ರಾಮಯ್ಯ ಗೌಡರ ಕಂಚಿನ ಪ್ರತಿಮೆಯೂ ಉಂಟು. ತ್ರಿವರ್ಣಕ್ಕೂ ಮಂಗಳೂರಿಗೂ ನಂಟು ಬೇಕೆಂದರೆ ಇಲ್ಲೇ 1903ರಲ್ಲಿ ಹುಟ್ಟಿದ ಕಮಲಾದೇವಿ ಚಟ್ಟೋಪಾಧ್ಯಾಯರ ಕಥೆ ಹೇಳಿ. 1930ರ ಉಪ್ಪಿನ ಸತ್ಯಾಗ್ರಹದ ಹೊತ್ತಿಗೆ ಬೊಂಬಾಯಿಯಲ್ಲಿ ನಡೆದ ತಳ್ಳಾಟದಲ್ಲಿ ಬಾವುಟ ಕೈಬಿಡದೆ ಅಪ್ಪಿ ಹಿಡಿದವರು ಅವರು.

ಯಾರೋ ತಪ್ಪಾಗಿ ಹಾರಿಸಿದ್ದು ಕಂಡರೆ ವೀಡಿಯೋ ಮಾಡಿ ಹಾಕಲಾ?

ಮೊದಲು ಗೇಟಿನ ಹತ್ತಿರ ಹೋಗಿ ಕರೆಯಿರಿ. "ಅಣ್ಣ, ಬಾವುಟ ತಿರುಗಿ ಹೋಗಿದೆ" ಅಂದರೆ ನೂರರಲ್ಲಿ ತೊಂಬತ್ತೊಂಬತ್ತು ಮಂದಿ ಓಡಿ ಬಂದು ಸರಿ ಮಾಡುತ್ತಾರೆ. ಬೇಕೆಂದೇ ತುಳಿಯುವುದು, ಸುಡುವುದು, ಹರಿಯುವುದು ಕಂಡರೆ ಪೊಲೀಸರಿಗೆ ಹೇಳಿ, ಅದಕ್ಕೇ ಕಾಯ್ದೆ ಇರುವುದು. ಇವೆರಡರ ನಡುವೆ ಇರುವ ಎಲ್ಲದಕ್ಕೂ ವೀಡಿಯೋ ಮಾಡಿ ವಾಟ್ಸಾಪ್ ಗುಂಪಿಗೆ ಹಾಕಿದರೆ ಬಾವುಟ ನೆಟ್ಟಗಾಗುವುದಿಲ್ಲ. ಜಗಳ ಆಗುತ್ತದೆ ಅಷ್ಟೇ.

ಹರಿದ ಬಾವುಟವನ್ನು ಎಂತ ಮಾಡುವುದು?

ಸಂಹಿತೆ ಹೇಳುವುದು ಹೀಗೆ: ತುಂಡು ಮಾಡದೆ ಇಡಿಯಾಗಿ, ಖಾಸಗಿಯಾಗಿ, ಸಾಧ್ಯವಾದರೆ ಸುಟ್ಟು, ಇಲ್ಲವೇ ಅದರ ಗೌರವಕ್ಕೆ ತಕ್ಕ ಬೇರೆ ರೀತಿಯಲ್ಲಿ ವಿಲೇವಾರಿ ಮಾಡಿ. ಬಾವುಟ ಸುಡುವುದು ಅಪರಾಧ ಅಲ್ವಾ ಅಂತ ಎಲ್ಲರೂ ಗಾಬರಿಯಾಗುತ್ತಾರೆ. ಜನರ ಕಣ್ಣೆದುರು ಅವಮಾನಕ್ಕೆ ಸುಡುವುದು ಅಪರಾಧ. ಹಳತಾದದ್ದಕ್ಕೆ ಮರ್ಯಾದೆಯಿಂದ ವಿದಾಯ ಹೇಳುವುದು ಬೇರೆ.

ಕಸದ ಗಾಡಿಗೆ ಹಾಕಬೇಡಿ. ಬೈಕ್ ಒರೆಸಬೇಡಿ, ಇದನ್ನು ಬರೆಯಬೇಕಾಗಿ ಬಂತಲ್ಲ ಅಂತ ಬೇಸರ. ಬಚ್ಚಲ ಒಲೆಗೆ ತೆಂಗಿನ ಗರಿ ಜೊತೆ ತುರುಕುವುದೂ ಸರಿಯಲ್ಲ. ನಮ್ಮ ಮಂಡಲದಲ್ಲಿ ವರ್ಷಕ್ಕೊಮ್ಮೆ, ಮಳೆ ನಿಂತ ಮೇಲೆ, ದೀಪಾವಳಿ ಆಸುಪಾಸಿನ ಒಂದು ಬೆಳಿಗ್ಗೆ ಊರಿನ ಮನೆಗಳಿಂದ ಹಳೆಯ ಬಾವುಟಗಳನ್ನು ತಂದು ಮಡಚಿ ಇಡುತ್ತೇವೆ. ಕೇಸರಿ, ಹಸಿರು ಪಟ್ಟಿಗಳು ಬಿಳಿ ಪಟ್ಟಿಯ ಅಡಿಗೆ ಬರುವ ಹಾಗೆ ಮಡಚಿ, ಆಮೇಲೆ ಎರಡೂ ಬದಿಯಿಂದ ಚಕ್ರ ಮೇಲೆ ಕಾಣುವ ಹಾಗೆ. ಕಟ್ಟಡದ ಹಿಂದೆ ಗುಡಿಸಿದ ಜಾಗದಲ್ಲಿ ಬೇರೆಯೇ ಬೆಂಕಿ ಮಾಡಿ, ನಾಲ್ಕೈದು ಮಂದಿ ನಿಂತು, ಒಂದೊಂದಾಗಿ ಇಡುವುದು. ಖಾದಿ ಹತ್ತೇ ನಿಮಿಷದಲ್ಲಿ ಬೂದಿಯಾಗುತ್ತದೆ. ಪಾಲಿಯೆಸ್ಟರ್ ಕರಗಿ ಹೊಗೆ ಬಿಟ್ಟು ಉಂಡೆಯಾಗುತ್ತದೆ. ಅದರ ಹೊಗೆ ಕುಡಿಯಬೇಡಿ, ಮಕ್ಕಳನ್ನು ದೂರ ನಿಲ್ಲಿಸಿ. ಕಳೆದ ಸಲ 31 ಬಾವುಟ ಬಂದಿತ್ತು. ಅದರಲ್ಲಿ ಒಂದು, ನಾನು ತಲೆಕೆಳಗಾಗಿ ಕಟ್ಟಿದ್ದ ಅದೇ ಖಾದಿ ಬಾವುಟ, ಗುಲಾಬಿ ಕಲೆ ಸಮೇತ.